ಗುರುಪಾದದ ಕಲ್ಲು

"ಕಳ್ಳನ್ನ ಎದುರಿಗೆ ಇಟ್ಕಂಡು ನನ್ನ ಕೇಳ್ತೀರಲ್ಲ ಸಾಹೇಬ್ರೆ. ಊರಾಗೆ ಉಳಿ ಇರೋದು ಇವನೊಬ್ಬನ ಹತ್ರ." ಧರಣೇಂದ್ರಯ್ಯ ಬೆರಳು ತೋರಿಸಿದರು.

"ಬಾಯಿ ಬಿಗಿ ಹಿಡಿರಿ ಯಜಮಾನ್ರೆ," ಎಂದ ಬಸದಿ ಕೆಲಸಕ್ಕೆ ಬೇರೆ ಊರಿಂದ ಬಂದಿದ್ದ ಕಲ್ಲುಕುಟಿಗ ಯತ್ತಪ್ಪ. "ಎಷ್ಟೋ ಗುಡಿ ರಿಪೇರಿ ಮಾಡೀನಿ. ಒಂದು ಚೂರು ಮನೆಗೆ ಒಯ್ದಿಲ್ಲ."

ಸಬ್‌ಇನ್‌ಸ್ಪೆಕ್ಟರ್ ಮುರುಗಪ್ಪ ಮೇಜು ಕುಟ್ಟಿದರು. "ಇದೇನು ಸ್ಟೇಷನ್ನೋ ಸಂತೆಯೋ? ಕುಂತ್ಕಳ್ರಿ ಇಬ್ರೂ."

1997ರ ಮಾರ್ಚ್ 11, ಬೆಳಿಗ್ಗೆ 9.40, ಹೊಸದುರ್ಗ ಠಾಣೆ. ದೂರುದಾರ ಬಸದಿ ಜೀರ್ಣೋದ್ಧಾರ ಸಮಿತಿಯ ಧರಣೇಂದ್ರಯ್ಯ. ಸಲ್ಲೇಖನದ ಉಪವಾಸದಿಂದ ದೇಹ ಬಿಟ್ಟ ಮುನಿಗಳ ಪಾದ ಕೆತ್ತಿದ ಕಲ್ಲು ಒಂಬತ್ತನೇ ತಾರೀಕಿನಿಂದ ಕಾಣೆ. ಎರಡು ದಿನ ಊರೇ ಹುಡುಕಿತ್ತು. ಎಫ್‌ಐಆರ್ ಆಯಿತು. ಸಂಜೆಯೊಳಗೆ ಕಲ್ಲು ಸಿಗದಿದ್ದರೆ ಯತ್ತಪ್ಪ ಜೈಲಿಗೆ.

11.30ಕ್ಕೆ ಬಸದಿಯಲ್ಲಿ ಪಂಚನಾಮೆ. ನವರಂಗ ಮಂಟಪದ ಕಡೆದ ನಾಲ್ಕು ಕಂಬಗಳ ನಡುವೆ ಬರಿದಾದ ಗುಂಡಿ. ಪೇದೆ ಕಾಟಪ್ಪ ಬಗ್ಗಿ ಅಂಚು ಮುಟ್ಟಿದ.

"ಉಳಿ ಏಟು ಒಂದೂ ಇಲ್ಲ ಸಾರ್. ದಿನಾ ನೀರು ಬಿದ್ದು ಗಾರೆ ಸಡಿಲಾಗೈತೆ. ಕೈಯಾಗೇ ಎತ್ತಬೋದು."

"ನೀರು ಹಾಕೋರು ಯಾರು?"

"ನಮ್ಮ ಪೂಜಾರಿ ಪಾಯಪ್ಪ," ಎಂದರು ಧರಣೇಂದ್ರಯ್ಯ, ಹೆಮ್ಮೆಯಿಂದ. "ಎರಡು ಹೊತ್ತೂ ಗುರುಪಾದಕ್ಕೆ ಅಭಿಷೇಕ ಆಗದೆ ಒಂದು ಅಗುಳು ಮುಟ್ಟೋದಿಲ್ಲ ಅಂತ ವ್ರತ. ಮೂವತ್ತು ವರ್ಷ ಆತು."

ಮುರುಗಪ್ಪ ತಿರುಗಿ ನೋಡಿದರು. ಅರವತ್ತರ ಪಾಯಪ್ಪ ಎರಡು ಕೊಡ ನೀರು ಹೊತ್ತು ಸಲೀಸಾಗಿ ಮೆಟ್ಟಿಲು ಹತ್ತುತ್ತಿದ್ದ. ಮೂರು ದಿನ ಉಪವಾಸ ಇದ್ದವನ ನಡಿಗೆಯಲ್ಲ ಅದು.

"ಊಟ ಆತಾ ಪಾಯಪ್ಪನೋರೆ?"

ಅವನು ಕೊಡ ಇಳಿಸಿದ. ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು.

"ಆತು."

"ಅಭಿಷೇಕ?"

"ಅದೂ ಆತು ಸ್ವಾಮಿ."

ಕಲ್ಲು ಅವನ ಅಡಿಗೆಮನೆಯಲ್ಲಿ, ನೀರಿನ ಹಂಡೆಯ ಹಿಂದೆ ಇತ್ತು. ಮೇಲೆ ಹಸಿ ಗಂಧ. ಪಾದದ ಬೆರಳುಗಳು ಸವೆದು ನುಣ್ಣಗಾಗಿದ್ದವು. 1.15ಕ್ಕೆ ಬಂಧನ.

"ಯಾಕಯ್ಯ?"

"ಸಮಿತಿಯೋರು ಯತ್ತಪ್ಪನ ಕೈಲಿ ಕಲ್ಲು ಕೊರೆಯೋ ಮಿಶನ್ ಹಾಕಿಸಿ ಬೆರಳು ಹೊಸದಾಗಿ ಕೆತ್ತಿಸ್ತಾರಂತೆ. ನಮ್ಮಜ್ಜ, ನಮ್ಮಪ್ಪ ತೊಳೆದು ತೊಳೆದು ಸವೆದ ಬೆರಳು ಸ್ವಾಮಿ ಅವು. ಹೊಸ ಪಾದ ಯಾರದು?"

ಮುರುಗಪ್ಪ ಕಲ್ಲನ್ನು ಹುಷಾರಾಗಿ ಕಾಟಪ್ಪನ ಕೈಗೆ ಕೊಟ್ಟರು. "ಜೀಪು ಹತ್ತು" ಎಂದರು.

ಸಂಜೆ ಠಾಣೆಯಲ್ಲಿ ಯತ್ತಪ್ಪನಿಂದ ಸಹಿ ಹಾಕಿಸಿಕೊಂಡು ಅವನನ್ನು ಬಿಟ್ಟರು. ಬಾಗಿಲಲ್ಲೇ ಧರಣೇಂದ್ರಯ್ಯ ಕಾದಿದ್ದರು.

"ಆಗಿದ್ದಾತು ಬಿಡಪ್ಪ. ನಾಳೆ ಮಿಶನ್ ತಗಂಡು ಬಾ."

ಯತ್ತಪ್ಪ ಲಾಕಪ್ಪಿನತ್ತ ನೋಡಿದ. ಕಂಬಿಯ ಹಿಂದೆ ಪಾಯಪ್ಪನ ಮುಂದೆ ಕಾಟಪ್ಪ ತಂದಿಟ್ಟ ಅನ್ನ ಹಾಗೇ ಇತ್ತು.

ಉಳಿಗಳ ಚೀಲ ಹೆಗಲಿಗೇರಿಸಿ ಯತ್ತಪ್ಪ ಬಸ್‌ಸ್ಟ್ಯಾಂಡಿನ ಕಡೆ ನಡೆದ. ಆ ಊರಿಗೆ ಅವನು ಮತ್ತೆ ಬರಲಿಲ್ಲ.