ಅಂಚಿಲ್ಲದ ಸಾಕ್ಷಿ

ಬೆನ್ನಿಗೆ ಪಿಸ್ತೂಲು ತಾಗಿದಾಗ ನನ್ನ ತಲೆ ಚರ್ಚಿನ ಫ್ರೀಜರಿನೊಳಗಿತ್ತು.

"ಕೈಯಲ್ಲಿರೋದನ್ನ ಇತ್ಲಾಗೆ ಕೊಡು."

ಡೆಲ್ಮರ್. ಇದೇ ಊರಿನವನು, ಈಗ ಒಂದು ದೊಡ್ಡ ತಿಂಡಿ ಕಂಪನಿಯ ಬಾಡಿಗೆ ರೌಡಿ. ಬೆಳಿಗ್ಗೆಯಿಂದ ಹಿಮದ ರಸ್ತೆಯಲ್ಲಿ ನನ್ನ ಕಾರಿನ ಬೆನ್ನು ಹತ್ತಿದ್ದ.

ಕೈಯಲ್ಲಿದ್ದದ್ದು ಬಾಂಬಲ್ಲ... ಸ್ಯಾಂಡ್‌ವಿಚ್! ಅಂಚು ಕತ್ತರಿಸಿ, ಒಳಗೆ ಕಡಲೆಬೀಜದ ಬೆಣ್ಣೆ, ಜಾಮ್ ಸವರಿ, ಸುತ್ತಲೂ ಒತ್ತಿ ಮುಚ್ಚಿದ್ದು. ಇದನ್ನು ಕಂಡುಹಿಡಿದದ್ದು ತಾನೇ ಎಂದು ಕಂಪನಿ ತೊಂಬತ್ತಮೂರರಲ್ಲಿ ಪೇಟೆಂಟ್ ಪಡೆದಿತ್ತು. ಅದನ್ನೇ ಮಾರಿದಳೆಂದು ಈ ಊರಲ್ಲಿ ಪುಟ್ಟ ತಿಂಡಿ ಅಂಗಡಿ ಇಟ್ಟಿರುವ ಲೋರ್ನಾಳ ಮೇಲೆ ಕೇಸು. ಸೋತರೆ ಅವಳ ಅಂಗಡಿಗೆ ಬೀಗ.

ಕಂಪನಿಗಿಂತ ಮೊದಲೇ ಯಾರೋ ಇದನ್ನು ಮಾಡಿದ್ದರೆಂದು ತೋರಿಸಿದರೆ ಪೇಟೆಂಟ್ ನಿಲ್ಲುವುದಿಲ್ಲ; ಅವಳಿಗಾಗಿ ನಾನು ಆ ಹಳೆಯ ಸಾಕ್ಷಿ ಹುಡುಕುತ್ತಿದ್ದೆ. ಚರ್ಚಿನ ಮುದುಕಿಯರ ನೆನಪನ್ನು ಕಂಪನಿಯ ವಕೀಲ ನಕ್ಕು ತಳ್ಳಿಹಾಕಿದ್ದ. ಆದರೆ ಈ ಹೆಂಗಸರು ಸಾವಿನ ಊಟದಲ್ಲಿ ಉಳಿದದ್ದನ್ನೂ ಎಸೆಯುವುದಿಲ್ಲ. ಟೇಪಿನ ಮೇಲೆ ಇಸವಿ ಬರೆದು ಫ್ರೀಜರಿಗೆ ತಳ್ಳುತ್ತಾರೆ. ನನಗೆ ಸಿಕ್ಕಿದ್ದರ ಮೇಲೆ ಎಂಬತ್ತನಾಲ್ಕು ಎಂದಿತ್ತು.

ಡೆಲ್ಮರ್ ಟೇಪು ಕಿತ್ತು ಜೇಬಿಗಿಳಿಸಿದ. ಸ್ಯಾಂಡ್‌ವಿಚ್ ಸಿಂಕಿಗೆ ಹಾಕಿ ಬಿಸಿನೀರು ಬಿಟ್ಟ. ಸಾಕ್ಷಿ ಗಂಜಿಯಾಗಿ ಹರಿದುಹೋಯಿತು. ನಿಜ ಹೇಳುತ್ತೇನೆ, ನನಗೆ ಅಳು ಬಂತು.

"ಈಗೇನ್ ಕಿಸೀತೀಯ, ಪತ್ತೇದಾರ?"

ಅಷ್ಟರಲ್ಲಿ ಆರ್ಡಿಸ್ ಅಜ್ಜಿ ಮೆಟ್ಟಿಲಿಳಿದು ಬಂದಳು. ಚರ್ಚಿನ ಅಡುಗೆಮನೆ ಅವಳದೇ ರಾಜ್ಯ. ಹಿಂದೆ ಮೂವರು ಮುದುಕಿಯರು. ಮೇಲೆ ಯಾರದೋ ಶವಸಂಸ್ಕಾರ ನಡೆಯುತ್ತಿತ್ತು. ಅಜ್ಜಿಯ ಕೈಯಲ್ಲಿ ತಟ್ಟೆ. ಪಿಸ್ತೂಲನ್ನು ನೋಡಿಯೂ ನೋಡದವಳಂತೆ ನಿಂತಳು.

"ಎಷ್ಟು ಸೊರಗಿದೀಯೋ ಡೆಲ್ಮರ್. ಒಂದು ತಗೋ."

"ಬೇಡಜ್ಜಿ, ಡ್ಯೂಟೀಲಿದೀನಿ."

"ಒಂದೇ ಒಂದು."

"ಪರವಾಗಿಲ್ಲ ಅಜ್ಜಿ."

"ತಗೊಳ್ಳೋ."

ಎರಡು ಸಲ ಬೇಡ ಅನ್ನುವುದು ಇಲ್ಲಿ ಮರ್ಯಾದೆ. ಮೂರನೆಯ ಸಲವೂ ಅಂದರೆ ಹೆತ್ತವರ ಮಾನ ಹೋಗುತ್ತದೆ. ಡೆಲ್ಮರ್ ಪಿಸ್ತೂಲನ್ನು ಎಡಗೈಗೆ ಬದಲಾಯಿಸಿ ಒಂದು ತೆಗೆದುಕೊಂಡ.

ಅಂಚಿಲ್ಲದ್ದು. ಸುತ್ತಲೂ ಒತ್ತಿ ಮುಚ್ಚಿದ್ದು.

ಕಚ್ಚಿದ. ಕಣ್ಣು ತುಂಬಿ ಬಂತು.

"ತಾತನ ಮಣ್ಣಿನ ದಿನಾನೂ ಇದನ್ನೇ ಮಾಡಿದ್ರಿ, ಅಲ್ವಾ ಅಜ್ಜಿ?"

"ಯಾವಾಗದು?" ಮೆಲ್ಲಗೆ ಕೇಳಿದೆ.

"ಎಂಬತ್ತನಾಲ್ಕು. ನಾನಾಗ ಮೂರನೇ ಕ್ಲಾಸು. ಹೊಟ್ಟೆ ಬಿರಿಯೋ ಹಾಗೆ ತಿಂದಿದ್ದೆ..."

ಬಾಯಿ ಅಲ್ಲೇ ನಿಂತಿತು.

"ಕೋರ್ಟಲ್ಲೂ ಹೀಗೇ ಹೇಳಪ್ಪ," ಅಂದಳು ಅಜ್ಜಿ. "ನಾನೂ ಬರ್ತೀನಿ. ನಿನ್ ಎದುರಿಗೇ ಕೂತಿರ್ತೀನಿ."

ಡೆಲ್ಮರ್ ಪಿಸ್ತೂಲು ಒಳಗಿಟ್ಟ.

ಕೋರ್ಟಿನಲ್ಲಿ ಹೇಳಿದ. ಕಂಪನಿಯವನೇ ಹೇಳಿದ್ದನ್ನು ವಕೀಲನಿಗೆ ನಕ್ಕು ತಳ್ಳಿಹಾಕಲಾಗಲಿಲ್ಲ. ಪೇಟೆಂಟ್ ರದ್ದಾಯಿತು. ಲೋರ್ನಾಳ ಅಂಗಡಿ ಉಳಿಯಿತು. ಕಂಪನಿ ಒದ್ದೋಡಿಸಿದ ಡೆಲ್ಮರ್ ಈಗ ಅಲ್ಲೇ ಬ್ರೆಡ್ಡಿನ ಅಂಚು ಕತ್ತರಿಸುತ್ತಾನೆ.

ನನ್ನ ಫೀಸು? ಆ ಅಂಚುಗಳೇ.