ನೂರ ಎಂಬತ್ತು ಕಪ್ಪು ಅಂಗಿಗಳು

ಉಗ್ರಾಣದ ಬೀಗ ಹಾಕಿದ ಹಾಗೇ ಇತ್ತು. ಒಳಗೆ ಅಂಗಿಗಳು ಮಾತ್ರ ಇರಲಿಲ್ಲ.

ಹೆನ್ರಿಕೆ ಟಾಮ್ ಬಾಗಿಲಲ್ಲೇ ನಿಂತು ಕಣ್ಣಾಡಿಸಿದಳು. ಲೋಟಗಳ ಪೆಟ್ಟಿಗೆ ಇದೆ. ಸ್ಟಿಕ್ಕರುಗಳ ಕಟ್ಟು ಇದೆ. ಡಬ್ಬಿಯಲ್ಲಿ ಚಿಲ್ಲರೆ ಕೂಡ ಇದೆ. ನಿನ್ನೆ ಸಂಜೆ ಕಿಟಕಿಯ ಕೆಳಗೆ ಜೋಡಿಸಿಟ್ಟಿದ್ದ ನೂರ ಎಂಬತ್ತು ಕಪ್ಪು ಟೀ ಶರ್ಟುಗಳು ಮಂಗಮಾಯ! ಮಳಿಗೆಯ ಗೋಡೆಗೆ ತೂಗುಹಾಕಿದ್ದ ಮಾದರಿ ಅಂಗಿಯೂ ಇಲ್ಲ.

"ಟೋರ್ಬೆನ್! ಬೇಗ ಬಾರೋ!"

ಸಂಘದ ಅಧ್ಯಕ್ಷ ಟೋರ್ಬೆನ್ ಕಾಫಿ ಹಿಡಿದೇ ಓಡಿ ಬಂದ. ನೋಡಿದ.

"ಮುಗೀತು ಕಣೆ. ಸೋಮವಾರ ಸರ್ವರಿನ ಬಾಡಿಗೆ ಕಟ್ಟದಿದ್ರೆ ಡಾಕ್ಸ್ ನಿಂತುಹೋಗುತ್ತೆ."

ಡಾಕ್ಸ್ ಎಂದರೆ ಕಣ್ಣು ಕಾಣದವರಿಗೆ ಕಂಪ್ಯೂಟರಿನ ಪರದೆಯನ್ನು ಓದಿ ಹೇಳುವ ತಂತ್ರಾಂಶ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ತಿದ್ದಬಹುದು. ಅದಕ್ಕಾಗಿ ದುಡಿದವರಾರೂ ಸಂಬಳ ಪಡೆದವರಲ್ಲ. ವರ್ಷಕ್ಕೊಮ್ಮೆ ಜರ್ಮನಿಯ ಬ್ರೆಮೆನ್ನಿನಲ್ಲಿ ಸೇರುತ್ತಾರೆ, ಡಾಕ್ಸ್‌ನ ಗುರುತಿರುವ ಸಾಮಾನು ಮಾರುತ್ತಾರೆ, ಆ ದುಡ್ಡಿನಲ್ಲಿ ಸರ್ವರ್ ನಡೆಯುತ್ತದೆ. ಹತ್ತನೇ ವರ್ಷವೆಂದು ಈ ಸಲ ಅಂಗಿಯ ಬೆನ್ನ ಮೇಲೆ ದುಡಿದವರ ಹೆಸರನ್ನೆಲ್ಲ ಅಚ್ಚು ಹಾಕಿಸಿದ್ದರು. ಸುಂಕದ ಇಲಾಖೆಯಿಂದ ನಿವೃತ್ತಳಾದ ಹೆನ್ರಿಕೆಗೆ ಪ್ರೋಗ್ರಾಂ ಬರೆಯಲು ಬಾರದು. ಮಾರಾಟದ ಮಳಿಗೆಯ ಹೊಣೆ ಅವಳದು, ಸ್ವಯಂಸೇವಕರಿಗೆ ಉಡುಗೊರೆ ಅಂಚೆಗೆ ಹಾಕುವುದೂ ಅವಳೇ.

"ಪೊಲೀಸರಿಗೆ ಹೇಳ್ಲಾ?" ಟೋರ್ಬೆನ್ ಕೇಳಿದ.

"ತಡಿ. ಹತ್ತಕ್ಕೆ ಬಾಗಿಲು ತೆಗೀಬೇಕು. ಒಂದು ಗಂಟೆ ಕೊಡು ನಂಗೆ."

* * *

ಉಗ್ರಾಣದ ಕೀಲಿ ಇರುವುದು ಅಡುಗೆಮನೆಯ ಮೊಳೆಯಲ್ಲಿ. ನಿನ್ನೆ ಸಂಜೆ ಕೆಲಸಕ್ಕಿದ್ದ ಹನ್ನೆರಡು ಜನರಲ್ಲಿ ಯಾರು ಬೇಕಾದರೂ ತೆಗೆದುಕೊಳ್ಳಬಹುದಿತ್ತು. ಟೋರ್ಬೆನ್‌ಗೆ ಮಾತ್ರ ಅನುಮಾನವೇ ಇರಲಿಲ್ಲ.

"ಹಿನ್ನೆರ್ಕನದೇ ಕೆಲಸ. ನಾವೇನು ಅಂಗಡಿಯವರಾ ಅಂತ ಆರು ತಿಂಗಳಿಂದ ಕೂಗಾಡ್ತಿಲ್ವಾ?"

ಡಾಕ್ಸ್‌ನ ಮೊಟ್ಟಮೊದಲ ಸಾಲು ಬರೆದ ಮುದುಕ ಹಿನ್ನೆರ್ಕ್ ಮೆಟ್ಟಿಲ ಮೇಲೆ ಕೂತು ಮೀನಿನ ಬನ್ನು ತಿನ್ನುತ್ತಿದ್ದ. ಮೂತಿ ಊದಿಸಿಕೊಂಡಿದ್ದ.

"ಅಂಗಿ ಎಲ್ಲಿಟ್ಟೆ?" ಹೆನ್ರಿಕೆ ನೇರವಾಗಿ ಕೇಳಿದಳು.

"ನಾನ್ಯಾಕೆ ಕದೀಲಿ? ಬೇಡ ಅಂತ ಮುಖದ ಮೇಲೇ ಅಂದೆ. ಹದಿನೇಳು ಸಲ ಇಮೇಲ್ ಹಾಕಿದೆ. ಕದಿಯೋನು ಹಿಂಗೆ ಊರೆಲ್ಲ ಸಾರ್ಕೊಂಡು ಬರ್ತಾನಾ?"

"ಈಗ ಖುಷಿ ತಾನೆ?"

"ಖುಷಿ? ನನ್ನ ತಂಗಿಗೆ ಕಣ್ಣಿಲ್ಲ, ಮಾರಾಯ್ತಿ! ಬೆಳಗಾದ್ರೆ ಅವಳಿಗೆ ಪೇಪರ್ ಓದಿ ಹೇಳೋದು ಡಾಕ್ಸೇ." ಅವನು ಬನ್ನನ್ನು ಪಕ್ಕಕ್ಕಿಟ್ಟ. "ಅಂಗಿ ಅಂಗಿ ಅಂತ ಸಾಯ್ತೀರಿ. ನನ್ನ ವೈರುಗಳನ್ನ ಯಾರೋ ಕಸಕ್ಕೆ ಹಾಕಿದ್ದಾರೆ, ಅದನ್ನ ಕೇಳೋರೇ ಇಲ್ಲ!"

"ಯಾವ ವೈರು?"

"ಉಗ್ರಾಣದ್ದು. ಹಿತ್ತಲ ತೊಟ್ಟಿಯಲ್ಲಿ ಬಿದ್ದಿವೆ, ನೋಡು ಹೋಗು."

ಹೆನ್ರಿಕೆ ನೋಡಿ ಬಂದಳು. ತೊಟ್ಟಿಯ ತುಂಬ ಹಳೇ ವೈರುಗಳ ಗೋಜಲು. ಪ್ರೋಗ್ರಾಂ ಬರೆಯುವ ಈ ಜನ ಹೆಂಡತಿಯ ಹುಟ್ಟುಹಬ್ಬ ಮರೆತಾರು, ಕೆಲಸಕ್ಕೆ ಬಾರದ ವೈರನ್ನು ಮಾತ್ರ ಬಿಸಾಡಲಾರರು. ಉಗ್ರಾಣದಲ್ಲಿ ವೈರು ತುಂಬಿದ ನಾಲ್ಕು ದೊಡ್ಡ ಪೆಟ್ಟಿಗೆಗಳಿದ್ದವು. ಹತ್ತು ವರ್ಷದಿಂದ ಅವನ್ನು ಯಾರೂ ತೆರೆದಿರಲಿಲ್ಲ, ಯಾರೂ ತೆರೆಯುವುದೂ ಇಲ್ಲ.

ಅವಳು ಉಗ್ರಾಣಕ್ಕೆ ಹೋಗಿ ಮೊದಲ ಪೆಟ್ಟಿಗೆಯ ಮುಚ್ಚಳ ಎತ್ತಿದಳು. ಕಪ್ಪು ಅಂಗಿಗಳು. ಅವುಗಳ ಮೇಲೆ ಮುದುಡಿ ಬಿದ್ದ ಮಾದರಿ ಅಂಗಿ.

ಸದ್ಯ, ಬದುಕಿದೆವು ಅಂದುಕೊಂಡಳು. ನಿನ್ನೆ ನೋಡಿದ್ದು ಮುಂಭಾಗವನ್ನಷ್ಟೇ; ಈಗ ಒಂದನ್ನು ತಿರುಗಿಸಿ ಹಿಡಿದಳು. ಬೆನ್ನ ಮೇಲೆ ಮೂವತ್ತೆಂಟು ಹೆಸರು, ಪ್ರತಿ ಹೆಸರಿನ ಮುಂದೆ ಊರು. ಊರು ಯಾಕೆ ಬಂತು? ಒಂದೊಂದೇ ಸಾಲು ಓದುತ್ತ ಇಳಿದವಳ ಬೆರಳು ಒಂದು ಹೆಸರಿನ ಮೇಲೆ ನಿಂತಿತು.

* * *

ನಿನ್ನೆಯ ಹನ್ನೆರಡು ಜನರಲ್ಲೊಬ್ಬಳಾದ ಅನುವಾದಕಿ ಸ್ವೇಯಾ ಲೋರ್ಕ್ ಮಳಿಗೆಯಲ್ಲಿ ಲೋಟ ಜೋಡಿಸುತ್ತಿದ್ದಳು. ಹೆನ್ರಿಕೆ ಅವಳನ್ನು ಉಗ್ರಾಣಕ್ಕೆ ಕರೆದು ಬಾಗಿಲು ಹಾಕಿದಳು.

"ನೀನೇ ಅಲ್ವಾ?"

ಸ್ವೇಯಾ ನೆಲ ನೋಡಿದಳು.

"ಕಳ್ಳನಾಗಿದ್ರೆ ಚಿಲ್ಲರೆ ಬಿಡ್ತಿರಲಿಲ್ಲ," ಹೆನ್ರಿಕೆ ಮೆಲ್ಲಗೆ ಹೇಳಿದಳು. "ನಿನ್ನೆ ಎಲ್ಲರೂ ಮುಟ್ಟಿ ಮುದುಡಿದ ಮಾದರಿ ಅಂಗೀನ ಯಾರು ಕದೀತಾರೆ? ಅಂದ್ರೆ ಅಂಗಿ ಬೇಕಾಗಿರಲಿಲ್ಲ, ಅದು ಯಾರ ಕಣ್ಣಿಗೂ ಬೀಳಬಾರದಿತ್ತು. ಪ್ರೋಗ್ರಾಂ ಬರೆಯೋರು ಯಾರೂ ವೈರು ಬಿಸಾಡಲ್ಲ. ನೀನು ಅನುವಾದ ಮಾಡೋಳು. ಎಲ್ಲರ ಹತ್ರ ಮ್ಯೂನಿಕ್ ನನ್ನೂರು ಅಂತೀಯ. ಇಲ್ಲಿ ನಿನ್ನ ಹೆಸರಿನ ಮುಂದೆ ಗ್ಲುಕ್‌ಸ್ಟಾಟ್ ಅಂತಿದೆ."

"ಅವನು ಹುಡುಕ್ತಿದ್ದಾನೆ, ಹೆನ್ರಿಕೆ. ನನ್ನ ಗಂಡ. ಮೂರು ಊರು ಬದಲಾಯಿಸಿದೆ. ಹೋದ ಸಲ ಸಿಕ್ಕಿದಾಗ ಕೈ ಮುರಿದ." ಅವಳು ಎಡ ಮಣಿಕಟ್ಟು ಹಿಡಿದುಕೊಂಡಳು. "ನಿನ್ನೆ ಪೆಟ್ಟಿಗೆ ಬಿಚ್ಚಿದಾಗ್ಲೇ ನೋಡಿದ್ದು. ಕೈಕಾಲೇ ಆಡಲಿಲ್ಲ."

"ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ದೆ. ಎರಡು ವರ್ಷದ ಹಿಂದೆ ನಿನಗೇ ಬರೆದಿದ್ದೆ. ನನ್ನ ವಿಳಾಸ ಯಾರಿಗೂ ಕೊಡಬೇಡ ಅಂತ."

ಹೆನ್ರಿಕೆ ಪೆಟ್ಟಿಗೆಯ ಮೇಲೆ ಕುಸಿದು ಕೂತಳು. ಹೌದು, ಬರೆದಿದ್ದಳು. ಉಡುಗೊರೆ ಕಳಿಸುವ ವಿಳಾಸಪಟ್ಟಿ ಇದ್ದುದು ಹೆನ್ರಿಕೆಯ ಹತ್ತಿರ ಮಾತ್ರ. ಅಂಗಿಗೆ ಹೆಸರು ಬೇಕೆಂದು ಟೋರ್ಬೆನ್ ಕೇಳಿದಾಗ ಇಡೀ ಪಟ್ಟಿಯನ್ನೇ ಕಳಿಸಿಬಿಟ್ಟಿದ್ದಳು. ಊರೂ ಇದ್ದರೆ ಚಂದ ಎಂದು ಅವನು ಸೇರಿಸಿದ್ದ. ನಮ್ಮಲ್ಲಿ ಮುಚ್ಚುಮರೆಯೇ ಇಲ್ಲ ಎಂದು ಎದೆಯುಬ್ಬಿಸಿ ಹೇಳಿಕೊಳ್ಳುವ ಜನ. ಯಾರಿಗೂ ಕೇಳಬೇಕು ಅನ್ನಿಸಿರಲಿಲ್ಲ.

"ಒಳಗಿನಿಂದ ಚಿಲಕ ಹಾಕ್ಕೋ," ಅಂದಳು. "ನಾನು ಕರೆಯೋವರೆಗೂ ತೆಗೀಬೇಡ."

* * *

ಹತ್ತಕ್ಕೆ ಬಾಗಿಲು ತೆರೆಯಿತು. ಹತ್ತೂಕಾಲಿಗೆ ನೀಟಾಗಿ ಕೋಟು ತೊಟ್ಟವನೊಬ್ಬ ಮಳಿಗೆಗೆ ಬಂದ.

"ಹೆಸರುಗಳಿರೋ ಅಂಗಿ ಒಂದು ಕೊಡಿ."

"ಇಲ್ಲ."

"ಹೆಸರಿನ ಅಂಗಿ ಮಾರ್ತೀವಿ ಅಂತ ಜಾಲತಾಣದಲ್ಲಿ ಹಾಕಿದ್ದೀರಲ್ಲ? ಅದರಲ್ಲಿ ನನ್ನ ಹೆಂಡತಿ ಹೆಸರೂ ಇರಬೇಕು. ಸ್ವೇಯಾ ಅಂತ." ನಕ್ಕ. ನೂರು ಯೂರೋ ನೋಟು ಮೇಜಿನ ಮೇಲಿಟ್ಟ. "ಒಂದಾದ್ರೂ ಇರುತ್ತೆ. ಹುಡುಕಿ ನೋಡಿ."

ಹೆನ್ರಿಕೆ ನೋಟು ಮುಟ್ಟಲಿಲ್ಲ. ಉಗ್ರಾಣದ ಬಾಗಿಲು ಇಪ್ಪತ್ತೇ ಹೆಜ್ಜೆ. ಮೂವತ್ತು ವರ್ಷ ಸುಳ್ಳುಗಾರರ ಮುಖ ನೋಡಿ ಸಂಬಳ ತಿಂದವಳು, ಇವತ್ತು ತನ್ನ ಮುಖ ಹೇಗೆ ಕಾಣುತ್ತಿದೆಯೋ ಎಂದು ಹೆದರಿದಳು.

"ಅಚ್ಚು ತಪ್ಪಾಗಿತ್ತು. ಎಲ್ಲಾನೂ ಕತ್ತರಿಸಿ ಹಾಕಿದ್ದೀವಿ. ನೋಟು ತಗೊಳ್ಳಿ, ಹಿಂದೆ ಜನ ಕಾಯ್ತಿದ್ದಾರೆ."

ಅವನು ಕದಲಲಿಲ್ಲ. ಅವಳನ್ನೇ ನೋಡುತ್ತ ನಿಂತ. ಹಿನ್ನೆರ್ಕ್ ಬಂದು ಅವಳ ಪಕ್ಕದಲ್ಲಿ ನಿಂತ.

"ಕೇಳಿಸ್ಲಿಲ್ವಾ? ಇಲ್ಲ ಅಂದ್ರೆ ಇಲ್ಲ."

ಕೋಟಿನವನು ನೋಟು ಮಡಿಸಿ ಜೇಬಿಗಿಟ್ಟುಕೊಂಡು ಹೊರಟ. ಬಾಗಿಲು ದಾಟುವವರೆಗೂ ಹೆನ್ರಿಕೆ ಅವನ ಬೆನ್ನನ್ನೇ ನೋಡುತ್ತಿದ್ದಳು.

"ಹಿನ್ನೆರ್ಕ್, ನಿನ್ನ ಕಾರು ಹಿತ್ತಲ ಬಾಗಿಲಿಗೆ ತಾ. ಒಬ್ಬರನ್ನ ಮನೆ ಮುಟ್ಟಿಸಬೇಕು. ಯಾಕೆ ಅಂತ ಕೇಳಬೇಡ."

ಟೋರ್ಬೆನ್ ಧಾವಿಸಿ ಬಂದ. "ನೂರು ಯೂರೋ ವಾಪಸ್ ಕೊಟ್ಯಾ? ತಲೆ ನೆಟ್ಟಗಿದೆಯಾ? ಸೋಮವಾರ ಏನೇ ಮಾಡೋದು? ಕಳ್ಳ ಸಿಕ್ಕಿದ್ನಾ, ಇಲ್ವಾ?"

"ಸಿಕ್ಕಿದ್ದಾಳೆ."

"ಯಾರು?"

"ನಾನು. ಮೂವತ್ತೆಂಟು ಜನ ನನ್ನನ್ನ ನಂಬಿ ಕೊಟ್ಟ ವಿಳಾಸ, ಒಂದು ಮಾತೂ ಕೇಳದೆ ನಿನಗೆ ಕೊಟ್ಟೆ. ಅಂಗಿ ಬಚ್ಚಿಟ್ಟವರು ನನ್ನ ತಪ್ಪು ತಡೆದ್ರು, ಅಷ್ಟೇ. ಸರ್ವರಿನ ಬಾಡಿಗೆಗೆ ಮನೆಮನೆ ತಿರುಗಿ ಬೇಡ್ತೀನಿ. ಅಂಗಿ ಮಾತ್ರ ಮಾರಲ್ಲ."

ಟೋರ್ಬೆನ್ ಹತ್ತಿರದ ಕುರ್ಚಿ ಎಳೆದು ಕೂತ.

"ಅಡುಗೆಮನೆಯಲ್ಲಿ ಕತ್ತರಿ ಎಷ್ಟಿವೆ ನೋಡು," ಹೆನ್ರಿಕೆ ತೋಳು ಮೇಲೇರಿಸುತ್ತ ಹೇಳಿದಳು. "ಆ ಮನುಷ್ಯನಿಗೆ ಒಂದು ಸುಳ್ಳು ಹೇಳಿದ್ದೀನಿ. ಅವನು ತಿರುಗಿ ಬರೋದ್ರೊಳಗೆ ಅದನ್ನ ನಿಜ ಮಾಡಬೇಕು."