ಆಸ್ಪಿನಾಲ್ ಮನೆಯ ನೀಲಿ ಟೀಪಾಟ್

೧೭೫೯ರ ಮಾರ್ಚ್ ೯, ಶುಕ್ರವಾರ ಬೆಳಗ್ಗೆ ಎಂಟಕ್ಕೆ ಲಿವರ್‌ಪೂಲಿನ ವ್ಯಾಪಾರಿ ರಾಲ್ಫ್ ಆಸ್ಪಿನಾಲ್, ಕಾನ್‌ಸ್ಟೇಬಲ್ ಥ್ರೆಲ್‌ಫಾಲ್‌ಗೆ ದೂರು ಕೊಟ್ಟರು. ಮಂಗಳವಾರ ಚೀನಾದ ಟೀಪಾಟ್ ಸಿಡಿದು ಮೈಮೇಲೆ ಕುದಿನೀರು ಬಿದ್ದ ಅವರ ಹೆಂಡತಿ, ಗುರುವಾರ ತೀರಿಕೊಂಡಿದ್ದರು.

"ಚೀನಾದ್ದು ಸಿಡಿಯಲ್ಲ ಕಣ್ರೀ. ಕೆಲಸದ ಡಾರ್ಕಸ್ ಅದನ್ನ ಮಾರ್ಕೊಂಡು ಇಲ್ಲೀದು ತಂದಿಟ್ಟಿದಾಳೆ. ಅವಳನ್ನ ಗಲ್ಲಿಗೇರಿಸ್ಬೇಕು!"

ಹತ್ತಕ್ಕೆ ಪಂಚನಾಮೆ. ಥ್ರೆಲ್‌ಫಾಲ್ ಸಿಡಿದ ಪಾಟಿನ ಒಂದು ಚೂರಿನ ಅಂಚಿಗೆ ಅರ ಉಜ್ಜಿದ. ಚೀನಾದ ಪಿಂಗಾಣಿ ಅರಕ್ಕೆ ಜಗ್ಗುವುದಿಲ್ಲ; ಇದು ಸಕ್ಕರೆಯ ಹಾಗೆ ಉದುರಿತು. ಇಂಗ್ಲೆಂಡಿನ ಮಾಲೇ! ಕುದಿನೀರು ತಾಗಿದರೆ ಸಿಡಿಯುವ ಇಂಥದನ್ನು ಮೊದಲು ಬೆಚ್ಚನೆ ನೀರಿನಲ್ಲಿ ಕಾಯಿಸದೆ ಕುದಿನೀರು ಸುರಿಯುವ ಹೆಂಗಸು ಆ ಊರಲ್ಲೇ ಇರಲಿಲ್ಲ. ಚೀನಾದ್ದೆಂದು ನಂಬಿಯೇ ಆಕೆ ಸುರಿದಿದ್ದರು. ಒಡತಿಯೇ ಮೋಸಹೋಗುವಷ್ಟು ಚೆನ್ನಾಗಿ ಚೀನಾದ ನೀಲಿ ಚಿತ್ರದ ನಕಲು ಬರೆದವರು ಯಾರು?

ದೂರಿನ ಮೇಲೆ ಲಾಕಪ್ಪಿಗೆ ಹಾಕಿದ್ದ ಡಾರ್ಕಸ್ ಬಳಿಗೆ ಥ್ರೆಲ್‌ಫಾಲ್ ಹೋದ.

"ಪಾಟ್ ಮನೆಯಿಂದ ಆಚೆ ಹೋಗಿತ್ತೇನಮ್ಮಾ?"

"ಒಂದೇ ಸಲ ಸ್ವಾಮಿ. ಮುಚ್ಚಳ ಒಡೆದಿತ್ತು. ಅದಕ್ಕೆ ಹೊಂದೋ ಮುಚ್ಚಳ ಮಾಡ್ಸೋಕೆ ಪಿಂಗಾಣಿ ಕಾರ್ಖಾನೇಲಿ ಚಿತ್ರ ಬರೆಯೋ ರಿಮ್ಮರ್ ತಾತಂಗೆ ಕೊಟ್ಟಿದ್ವಿ. ಸೋಮವಾರ ವಾಪಸ್ ತಂದೆ."

"ಎಷ್ಟು ದಿನ ಇಟ್ಕೊಂಡಿದ್ದ?"

"ನಾಲ್ಕು ತಿಂಗಳು."

"ಒಂದು ಮುಚ್ಚಳಕ್ಕಾ?"

"ಅಮ್ಮಾವ್ರೂ ಹಾಗೇ ರೇಗಿದ್ರು."

ಮಧ್ಯಾಹ್ನ ಎರಡಕ್ಕೆ ರಿಮ್ಮರ್‌ನ ಮೇಜಿನಡಿ, ಬಟ್ಟೆಯಲ್ಲಿ ಸುತ್ತಿದ್ದ ಅಸಲಿ ಪಾಟ್ ಸಿಕ್ಕಿತು. ಮುದುಕ ಕುಂಚ ಕೆಳಗಿಡಲಿಲ್ಲ. ತಾನೆಂದೂ ಕಾಣದ ದೇಶದ ದೋಣಿಯೊಂದನ್ನು ಬಟ್ಟಲಿನ ಮೇಲೆ ಬರೆಯುತ್ತಲೇ ಇದ್ದ.

"ಮಾರೋಕೆ ಇಟ್ಕೊಂಡಿದ್ಯಾ?"

"ಥೂ! ಮುದುಕನ ಕೈಗೆ ಚೀನಾದವರ ಕೆಲಸ ಈ ಜನ್ಮದಲ್ಲಿ ಬರಲ್ಲ ಅಂತ ಆಯಮ್ಮ ಎಲ್ಲರೆದುರು ನಕ್ಕಿದ್ರು. ಅದಕ್ಕೇ ನಂದನ್ನೇ ಕಳಿಸ್ದೆ."

"ಕುದಿನೀರಿಗೆ ಒಡೆಯತ್ತೆ ಅಂತ ಗೊತ್ತಿತ್ತಲ್ಲಯ್ಯಾ. ಮೊದ್ಲು ಬೆಚ್ಚಗೆ ಮಾಡ್ಕೊಳ್ಳಿ ಅಂತ ಒಂದು ಮಾತು ಹೇಳಿ ಕಳಿಸೋಕೆ ಏನಾಗಿತ್ತು?"

"ಹೇಳಿದ್ರೆ ಚೀನಾದ್ದಲ್ಲ ಅಂತ ಗೊತ್ತಾಗ್ಬಿಡ್ತಿತ್ತಲ್ಲ."

ಮೂರು ಗಂಟೆಗೆ ರಿಮ್ಮರ್‌ನ ಬಂಧನವಾಯಿತು. ಐದಕ್ಕೆ ಡಾರ್ಕಸ್ ಬಿಡುಗಡೆಯಾಗಿ, ಹಿಂದಿರುಗಿ ನೋಡದೆ ಓಡಿದಳು. ದುರಾಸೆಯೂ ಅಲ್ಲ, ಹಗೆಯೂ ಅಲ್ಲ, ಮೆಚ್ಚುಗೆಯ ಹಸಿವು ಎಂದು ಥ್ರೆಲ್‌ಫಾಲ್ ವರದಿಯಲ್ಲಿ ಬರೆದ.

ಕೋಣೆಗೆ ಬೀಗ ಹಾಕುವಾಗ ಮುದುಕ ಕರೆದ.

"ಸ್ವಾಮಿ, ಕೊನೇವರೆಗೂ ಆಯಮ್ಮಂಗೆ ಅನುಮಾನ ಬರ್ಲಿಲ್ವಾ?"

"ಇಲ್ಲ. ಚೀನಾದ್ದು ಹೇಗೆ ಒಡೀತು, ಹೇಗೆ ಒಡೀತು ಅಂತ ಕೇಳ್ತಾನೇ ಪ್ರಾಣ ಬಿಟ್ರಂತೆ."

ಮುದುಕನ ಮುಖ ನಿಧಾನವಾಗಿ ಅರಳಿತು. ಛೇ, ಹೇಳಬಾರದಿತ್ತು ಎಂದುಕೊಂಡ ಥ್ರೆಲ್‌ಫಾಲ್.